ಹಸಿರು ಗೆರೆಯ ದೋಣಿ

ನನ್ನ ಮೊಮ್ಮಗಳಿಗೆ ಇಂಜಿನ್ನಿನ ಸದ್ದೇ ಜೋಗುಳ. ಕಾರು ನಮ್ಮ ಬೀದಿಯ ತಿರುವು ದಾಟುವಷ್ಟರಲ್ಲಿ ಅವಳ ಕತ್ತು ವಾಲಿರುತ್ತದೆ. ಬಸ್ಸಾದರೂ ಅಷ್ಟೆ, ರೈಲಾದರೂ ಅಷ್ಟೆ. ಅಡುಗೆಮನೆಯಲ್ಲಿ ಮಿಕ್ಸಿ ತಿರುಗಿದರೂ ಆಕಳಿಸುತ್ತಾಳೆ ಎಂದು ನನ್ನ ಅಳಿಯ ತಮಾಷೆ ಮಾಡುವುದುಂಟು. ಆದರೆ ಸದ್ದು ನಿಂತಿತೋ, ಯಾರೋ ಸ್ವಿಚ್ಚು ಒತ್ತಿದ ಹಾಗೆ ಕಣ್ಣು ಬಿಟ್ಟು "ಬಂತಾ?" ಎನ್ನುತ್ತಾಳೆ. ರೈಲ್ವೆ ಗೇಟಿನಲ್ಲಿ ಕಾರು ಆರಿಸಿದರೂ "ಬಂತಾ?". ಪೆಟ್ರೋಲ್ ಬಂಕಿನಲ್ಲೂ "ಬಂತಾ?". ಆ ಪ್ರಶ್ನೆ ಕೇಳದಿದ್ದರೆ ನಮ್ಮ ಯಾವ ಪ್ರಯಾಣವೂ ಮುಗಿದಂತಲ್ಲ.

ಕೂಸಾಗಿದ್ದಾಗ ಅವಳ ಅಳು ಶ್ರುತಿ ಸೇರದ ಪಿಟೀಲಿನಂತಿತ್ತು. ಹಾಗೆಂದು ಅವಳಪ್ಪ ಇಟ್ಟ ಅಡ್ಡಹೆಸರು ಉಳಿದುಬಿಟ್ಟಿತು. ಈಗ ಶಾಲೆಗೆ ಸೇರಿದ್ದರೂ ಮನೆಯಲ್ಲಿ ಅವಳು ಪಿಟೀಲೇ.

ರಜಾದಿನಗಳಲ್ಲಿ ಸರೋವರದ ಮೇಲೆ ಸುತ್ತಾಡಲು ಒಂದು ಹಳೆಯ ಮೋಟಾರು ದೋಣಿ ಕೊಳ್ಳಬೇಕೆಂದು ಮಗಳೂ ಅಳಿಯನೂ ಬಹಳ ದಿನದಿಂದ ಲೆಕ್ಕ ಹಾಕುತ್ತಿದ್ದರು. ದೋಣಿ ಹೊರಟ ಕೂಡಲೇ ಪಿಟೀಲು ಮಲಗುವುದು ಖಂಡಿತ. ಆದ್ದರಿಂದ ಮುಂಭಾಗದಲ್ಲಿ ಮಲಗುವ ಪುಟ್ಟ ಕೋಣೆ ಇರುವ ದೋಣಿಯೇ ಬೇಕು ಎಂದು ಮಗಳು ಪಟ್ಟು ಹಿಡಿದಿದ್ದಳು. ಅಂಥವು ಎರಡು ಒಂದೇ ಕಡೆ ಮಾರಾಟಕ್ಕಿವೆ ಎಂದು ಗೊತ್ತಾದಾಗ ನನ್ನನ್ನೂ ಹೊರಡಿಸಿದರು.

ದೋಣಿ ಮಾರುವವನ ಅಂಗಳದಲ್ಲಿ ಬಣ್ಣದ ವಾಸನೆ ದಟ್ಟವಾಗಿತ್ತು. ಮರದ ದಿಮ್ಮಿಗಳ ಮೇಲೆ ಏರಿಸಿಟ್ಟ ದೋಣಿಗಳ ಹೊಟ್ಟೆಗಳು ನಮ್ಮ ತಲೆಯ ಮಟ್ಟದಲ್ಲಿದ್ದವು. ದಲ್ಲಾಳಿ ಸ್ಥೂಲಕಾಯದ, ಮಾತುಗಾರ ಮನುಷ್ಯ. ನನ್ನ ವಯಸ್ಸು ನೋಡಿ, ಯಾರೂ ಹೇಳದಿದ್ದರೂ, ನೀರಿನಂಚಿನ ಕಟ್ಟೆಯ ಒದ್ದೆ ಮೆಟ್ಟಿಲಿನ ಮೇಲೆ ತನ್ನ ಹೆಗಲ ಟವೆಲ್ಲನ್ನೇ ಹಾಸಿ, "ಇದರ ಮೇಲೆ ಕಾಲಿಡಿ ಅಮ್ಮಾ, ಜಾರುತ್ತೆ" ಎಂದ. ನನಗೆ ಅಷ್ಟರಲ್ಲೇ ಅವನ ಮೇಲೆ ವಿಶ್ವಾಸ ಬಂದುಬಿಟ್ಟಿತು.

ಎರಡು ದೋಣಿಗಳೂ ಅಕ್ಕಪಕ್ಕ ಕಟ್ಟಿಸಿಕೊಂಡು, ಅಲೆಗೆ ಮೈ ತಾಗಿಸಿಕೊಳ್ಳುತ್ತಾ ನಿಂತಿದ್ದವು. ಎರಡೂ ಬಿಳಿ. ಒಂದರ ಮೈಮೇಲೆ ಕೆಂಪು ಗೆರೆ, ಇನ್ನೊಂದಕ್ಕೆ ಹಸಿರು ಗೆರೆ.

"ಅವಳಿಗಳು ಸಾರ್," ಎಂದ ದಲ್ಲಾಳಿ. "ಒಂದೇ ಕಂಪನಿ, ಒಂದೇ ವರ್ಷ, ಒಂದೇ ಇಂಜಿನ್. ಆ ಗೆರೆ ಒಂದು ಅಳಿಸಿದ್ರೆ ಹೆತ್ತಮ್ಮನಿಗೂ ಗುರುತು ಸಿಗಲ್ಲ."

"ಅವಳಿಗಳಲ್ಲೂ ಒಬ್ಬಳು ಜೋರು, ಒಬ್ಬಳು ಸಾಧು ಇರ್ತಾರಲ್ವಾ?" ಎಂದ ಅಳಿಯ. ಅವನದು ಕನ್ನಡಕದ ಅಂಗಡಿ. ದಿನವಿಡೀ ಜನರ ಕಣ್ಣು ನೋಡಿ ನೋಡಿ ಎಲ್ಲರನ್ನೂ ನಗಿಸುವ ಚಾಳಿ ಬಂದಿದೆ.

"ಯಾರು ಜೋರು ಅಂತ ನಾನು ಹೇಳ್ತೀನಿ ಇರಿ," ಎಂದು ಮಗಳು ಚೀಲದಿಂದ ಅಳತೆ ಟೇಪು ತೆಗೆದಳು. ಮನೆಗಳ ನಕ್ಷೆ ಬರೆಯುವುದು ಅವಳ ಕೆಲಸ. ಅಳೆಯದೆ ಒಂದು ಸ್ಟೂಲನ್ನೂ ಕೊಂಡವಳಲ್ಲ. "ಅಮ್ಮ, ಈ ತುದಿ ಹಿಡ್ಕೋ."

ಅಳೆದದ್ದೇ ಬಂತು. ಉದ್ದ, ಅಗಲ, ಒಳಕೋಣೆಯ ಹಾಸಿಗೆ, ಎಲ್ಲವೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

"ಟೇಪು ಸುಮ್ನೆ ಬಿಚ್ಚಿದೆ," ಎಂದ ಅಳಿಯ.

"ನಿಮ್ಮ ಬಾಯಿ ಹಾಗೇ, ಸುಮ್ನೆ ಬಿಚ್ಕೊಳ್ಳುತ್ತೆ," ಎಂದು ಅವಳು ಟೇಪನ್ನು ಸರ್ರನೆ ಸುತ್ತಿದಳು.

ಮೊದಲು ಕೆಂಪು ಗೆರೆಯದರಲ್ಲಿ ಹೋದೆವು. ಅದನ್ನು ಯಾರೋ ಒರಟಾಗಿ ಬಳಸಿದ್ದರು. ಸೀಟು ಹರಿದು, ಅದರ ಮೇಲೆ ಅಂಟುಪಟ್ಟಿ ಹಚ್ಚಿತ್ತು. ಸಂದುಗಳಲ್ಲಿ ಬಿಸ್ಕತ್ತಿನ ಚೂರು. ಒಳಕೋಣೆಯ ಬಾಗಿಲು ಎಂದೋ ಮುರಿದುಹೋಗಿ, ಕೀಲುಗಳಷ್ಟೇ ಉಳಿದಿದ್ದವು. ಒಳಗೆ ಹಳೆಯ ಹಗ್ಗ, ಖಾಲಿ ಡಬ್ಬಗಳ ರಾಶಿ. ಹಾಗಾಗಿ ಪಿಟೀಲು ಹೊರಗೆ ನನ್ನ ತೊಡೆಯ ಮೇಲೇ ಮಲಗಿದಳು. ಇಂಜಿನ್ನು ಕೆಮ್ಮುತ್ತಾ, ಗುಡುಗುತ್ತಾ ಒಂದು ಸುತ್ತು ಹಾಕಿ ನಿಂತಿತು.

"ಬಂತಾ?" ಎಂದಳು ಪಿಟೀಲು.

"ಇಲ್ಲ ತಾಯಿ, ಇನ್ನೂ ನೀರಲ್ಲೇ ಇದೀವಿ," ಎಂದು ದಲ್ಲಾಳಿ ನಕ್ಕ.

"ಸದ್ದು ಜಾಸ್ತಿ. ಬಾಗಿಲೂ ಇಲ್ಲ," ಎಂದು ಮಗಳು ಮುಖ ಹುಳಿ ಮಾಡಿಕೊಂಡಳು.

ಹಸಿರು ಗೆರೆಯದನ್ನು ಹತ್ತುವಾಗ ಕೈಯಿಟ್ಟ ಕೂಡಲೇ ನನಗೆ ಗೊತ್ತಾಯಿತು, ಇದು ಪ್ರೀತಿಯಿಂದ ಬಾಳಿದ ವಸ್ತು ಎಂದು. ಲೋಹದ ಕಂಬಿ ಕೈಗೆ ತಣ್ಣಗೆ ತಾಗದಿರಲೆಂದು ಹತ್ತಿಯ ಹುರಿಯನ್ನು ಒತ್ತೊತ್ತಾಗಿ ಸುತ್ತಿದ್ದರು. ಮೆಟ್ಟಿಲಿಗೆ ಜಾರದಂತೆ ಒರಟು ಚಾಪೆ. ಒಳಕೋಣೆಯಲ್ಲಿ ಗಿಡ್ಡ ಮನುಷ್ಯರ ಕೈಗೆಟಕುವಂತೆ ಒಂದು ಕೊಕ್ಕೆ, ಅದರ ಕೆಳಗೆ ಪುದೀನ ಪೆಪ್ಪರ್‌ಮಿಂಟಿನ ಡಬ್ಬಿ. ಬಾಗಿಲು ತೆರೆದೇ ಇರಲೆಂದು ಅಡಿಯಲ್ಲಿ ಸಿಕ್ಕಿಸಿದ್ದ ಮರದ ಬೆಣೆ. ಅದೆಷ್ಟು ನುಣುಪಾಗಿತ್ತೆಂದರೆ, ಯಾರೋ ಹಲವು ಸಂಜೆ ಕೂತು ಉಜ್ಜಿರಬೇಕು. ಒಂದು ಮಾತ್ರ ವಿಚಿತ್ರವಾಗಿತ್ತು. ಹಾಸಿಗೆಯ ತಲೆಗೆ ಆನಿಸುವ ಹಲಗೆ ಒಳಗಿನ ತುದಿಯಲ್ಲಿತ್ತು. ತಲೆಯಿಡುವುದು ಒಳಗೆ, ಕಾಲು ಚಾಚುವುದು ಬಾಗಿಲ ಕಡೆಗೆ. ಆದರೆ ದಿಂಬು ಬಾಗಿಲ ಕಡೆಗೇ ಇತ್ತು. ದೋಣಿ ನಡೆಸುವಾಗ ಮಲಗಿದವರ ಮುಖ ಕಾಣಲಿ ಎಂದಿರಬೇಕು ಎಂದುಕೊಂಡೆ. ಎಂಥ ಮನುಷ್ಯನೋ ಎನಿಸಿತು.

"ಯಾರದು ಈ ದೋಣಿ?" ಎಂದು ಕೇಳಿದೆ.

ದಲ್ಲಾಳಿ ಕಟ್ಟೆಯ ಮೇಲಿದ್ದ ಬೆಂಚಿನ ಕಡೆ ಗದ್ದದಿಂದ ಸನ್ನೆ ಮಾಡಿದ. ಅಲ್ಲಿ ಸಪೂರ ದೇಹದ, ನನ್ನದೇ ವಯಸ್ಸಿನವರೊಬ್ಬರು ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದರು. ಪಕ್ಕದಲ್ಲಿ ಬಕೀಟು, ಒರೆಸುವ ಬಟ್ಟೆ. "ಯಜಮಾನ್ರು. ಯಾರಾದ್ರೂ ನೋಡೋಕೆ ಬರ್ತಾರೆ ಅಂದ್ರೆ ಸಾಕು, ಮೊದಲೇ ಬಂದು ಗಾಜು ಒರೆಸಿ ಕೂತ್ಕೊಳ್ತಾರೆ. ಮಾರಬೇಕು ಅಂತಾರೆ, ಬಿಟ್ಟೂ ಹೋಗಲ್ಲ."

ಅವರು ಎದ್ದು ಬಂದರು. ಪಿಟೀಲಿನ ಮುಂದೆ ಕಷ್ಟಪಟ್ಟು ಬಗ್ಗಿ, "ನಿನಗೆ ನಿದ್ದೆ ಬರುತ್ತಾ ಪುಟ್ಟಾ?" ಎಂದರು.

"ಇಂಜಿನ್ ಹಾಕಿದ್ರೆ ಬರುತ್ತೆ," ಎಂದಳು ಅವಳು.

"ಹಾಗಾದ್ರೆ ಒಳಗೆ ಮಲಕ್ಕೋ. ಅಲ್ಲಿ ಒಳ್ಳೇ ನಿದ್ದೆ ಬರುತ್ತೆ," ಎಂದರು. ನಗಲು ನೋಡಿದರು, ಆಗಲಿಲ್ಲ.

ಅವರನ್ನು ಕಟ್ಟೆಯಲ್ಲೇ ಬಿಟ್ಟು ಹೊರಟೆವು. ಹಸಿರು ಗೆರೆಯ ದೋಣಿ ಸದ್ದು ಮಾಡುತ್ತಿದೆಯೋ ಇಲ್ಲವೋ ಎನ್ನುವಷ್ಟು ಮೃದುವಾಗಿ ಸಾಗಿತು. ಪಿಟೀಲು ಒಳಗೆ ಹೋಗಿ ದಿಂಬಿನ ಮೇಲೆ ತಲೆಯಿಟ್ಟವಳು ಆಗಲೇ ನಿದ್ದೆ. ಮಗಳು ನನ್ನತ್ತ ನೋಡಿ ಹುಬ್ಬು ಹಾರಿಸಿದಳು. ಇದೇ ನಮ್ಮದು ಎಂಬ ಸನ್ನೆ. ನಾನೂ ತಲೆಯಾಡಿಸಿದೆ.

ದೋಣಿ ತಿರುಗಿದಾಗ ಬಿಸಿಲು ಬಾಗಿಲಿನಿಂದ ನೇರವಾಗಿ ಮಗುವಿನ ಮುಖಕ್ಕೆ ಬಿತ್ತು. ನಿದ್ದೆಯಲ್ಲೇ ಅವಳು ಹುಬ್ಬು ಗಂಟಿಕ್ಕಿದಳು. ನಾನು ಬಗ್ಗಿ ಬೆಣೆಯನ್ನು ಮೆಲ್ಲಗೆ ಎಳೆದು, ಬಾಗಿಲನ್ನು ಸದ್ದಾಗದ ಹಾಗೆ ಮುಚ್ಚಿದೆ. ಬೆಣೆ ಎಲ್ಲಾದರೂ ಉರುಳಿ ನೀರಿಗೆ ಬಿದ್ದೀತೆಂದು ನನ್ನ ಚೀಲದಲ್ಲಿ ಹಾಕಿಕೊಂಡು, ಬಾಗಿಲಿಗೆ ಬೆನ್ನು ಕೊಟ್ಟು ಕುಳಿತೆ.

ಸರೋವರ ದೊಡ್ಡದು. ನಡುವಿಗೆ ಬಂದಾಗ ದಡದ ಮನೆಗಳು ಬೆಂಕಿಪೊಟ್ಟಣಗಳಾದವು. ನೀರಿನ ಬಣ್ಣ ಕಪ್ಪಾಯಿತು. ಅಳಿಯ ಚುಕ್ಕಾಣಿ ಹಿಡಿದಿದ್ದ, ದಲ್ಲಾಳಿ ಅವನ ಪಕ್ಕ ನಿಂತು ಹೇಳಿಕೊಡುತ್ತಿದ್ದ.

"ಇಷ್ಟು ಚೆನ್ನಾಗಿ ಇಟ್ಕೊಂಡಿರೋದನ್ನ ಅವರು ಮಾರ್ತಿರೋದು ಯಾಕೆ?" ಎಂದು ಮಗಳು ಕೇಳಿದಳು.

"ಅವರ ಮನೆಯವರು ಹೋಗಿಬಿಟ್ರಲ್ಲಮ್ಮಾ. ಈ ಹುರಿ, ಚಾಪೆ, ಕೊಕ್ಕೆ ಎಲ್ಲ ಆ ತಾಯಿಗೋಸ್ಕರವೇ ಮಾಡಿದ್ದು. ಪಾಪ, ನೀರಿನ ಮೇಲೆ ಬಂದ್ರೆ ಸಾಕು ಅವರಿಗೆ ತಲೆನೋವು, ಹೊಟ್ಟೆ ತೊಳಸೋದು. ಒಳಗೆ ಮಲಗಿದ್ರೆ ಇನ್ನೂ ಜಾಸ್ತಿ. ದಿಂಬು ಈ ಕಡೆ ಹಾಕಿದ್ದೂ ಅದಕ್ಕೇ, ಬಾಗಿಲ ಹತ್ರ ಇದ್ರೆ ಸ್ವಲ್ಪ ಸುಖ ಅಂತ."

"ಮತ್ತೆ ಯಾಕೆ ಬರ್ತಿದ್ರು?"

"ಗಂಡನಿಗೆ ದೋಣಿ ಅಂದ್ರೆ ಪ್ರಾಣ. ಬರಲ್ಲ ಅಂದ್ರೆ ಇವರಿಗೆ ಬೇಜಾರಾಗುತ್ತೆ ಅಂತ ಅವರು ಬರೋರು. ಅವರಿಗೆ ಹಿಂಸೆ ಆಗಬಾರದು ಅಂತ ಇವರು ದಿನಕ್ಕೊಂದು ಹೊಸದು ಮಾಡೋರು."

ನನ್ನ ಕಣತಲೆಯಲ್ಲಿ ಏನೋ ಮಂದವಾಗಿ ಮಿಡಿಯುತ್ತಿತ್ತು. ಬಿಸಿಲಿಗಿರಬೇಕು ಎಂದುಕೊಂಡು ಸೆರಗು ಹೊದ್ದೆ.

"ಏನಾಗಿತ್ತು ಅವರಿಗೆ?" ಎಂದೆ.

"ಏನೂ ಇಲ್ಲ. ನಿದ್ದೆಯಲ್ಲೇ ಹೋದ್ರು. ವಯಸ್ಸಾಗಿತ್ತು, ಹೃದಯ ನಿಂತಿರಬೇಕು ಅಂದ್ರು. ಪುಣ್ಯವಂತೆ."

"ಎಲ್ಲಿ? ಮನೆಯಲ್ಲಾ?"

ಅವನು ನೀರಿನ ಕಡೆ ಮುಖ ತಿರುಗಿಸಿದ. ಹೇಳಬಾರದಿತ್ತು ಎನಿಸಿರಬೇಕು. "ಇದರಲ್ಲೇ ಅಮ್ಮಾ. ಅವತ್ತು ಗಾಳಿ ಜೋರಾಗಿತ್ತಂತೆ. ಚಳಿಯಾಗುತ್ತೆ ಅಂತ ಯಜಮಾನ್ರು ಬಾಗಿಲು ಹಾಕಿ, ನಿಧಾನಕ್ಕೆ ದೋಣಿ ನಡೆಸ್ಕೊಂಡು ಬಂದ್ರಂತೆ. ದಡಕ್ಕೆ ಬಂದು ಎಬ್ಬಿಸ್ತಾರೆ, ಏಳಲೇ ಇಲ್ಲ."

"ಮಾರೋಕೆ ಬಂದು ಇದನ್ನೆಲ್ಲ ಹೇಳ್ತಾರೇನ್ರೀ?" ಎಂದು ಅಳಿಯ ವಾತಾವರಣ ತಿಳಿಮಾಡಲು ನೋಡಿದ. "ಸರಿ, ಈಗ ನಮ್ಮ ಪರೀಕ್ಷೆ. ಇಂಜಿನ್ ಆರಿಸ್ತೀನಿ. ಎಲ್ಲರೂ ಕಿವಿ ಕೊಡಿ."

ಇಂಜಿನ್ನು ನಿಂತಿತು. ನೀರು ದೋಣಿಯ ಮೈಗೆ ಬಡಿಯುವ ಸದ್ದು ಮಾತ್ರ ಉಳಿಯಿತು. ನಾವೆಲ್ಲ ಬಾಗಿಲ ಕಡೆ ನೋಡುತ್ತಾ, ತುಟಿಯಂಚಿನಲ್ಲಿ ನಗು ಇಟ್ಟುಕೊಂಡು ಕಾದೆವು.

ಒಳಗಿನಿಂದ ಮಾತಿಲ್ಲ.

"ನೋಡಿದ್ರಾ ಅತ್ತೇ! ಹುಟ್ಟಿದಾಗಿನಿಂದ ಇದೇ ಮೊದಲು," ಎಂದ ಅಳಿಯ. "ದೋಣಿ ಪಾಸು. ಇದಕ್ಕಿಂತ ಸರ್ಟಿಫಿಕೇಟ್ ಬೇಕಾ?"

"ಶ್, ಏಳಿಸಬೇಡಿ. ಮಲಗಲಿ," ಎಂದು ಮಗಳು ಪಿಸುಗುಟ್ಟಿದಳು. ಅವಳ ಮುಖ ಬೆಳಗಿತ್ತು. "ಇದನ್ನೇ ತಗೊಳ್ಳೋಣ."

ನನಗೆ ಆ ಮೌನ ಹಿಡಿಸಲಿಲ್ಲ. ನನ್ನ ಬೆನ್ನ ಹಿಂದೆ ತೆಳ್ಳನೆಯ ಒಂದು ಬಾಗಿಲು, ಅದರ ಹಿಂದೆ ಬರಬೇಕಾಗಿದ್ದ ಒಂದು ಮಾತು. ಆ ಹೆಂಗಸಿಗೆ ಒಳಗೆ ಮಲಗಿದರೆ ತಲೆನೋವು, ಬಾಗಿಲ ಬಳಿ ಕಡಿಮೆ. ಈಗ ನನ್ನ ತಲೆಯೂ ನೋಯುತ್ತಿದೆ. ಕಾಲೇಜಿನ ಪ್ರಯೋಗಾಲಯದಲ್ಲಿ ನಮ್ಮ ಮೇಡಂ ಕಿಟಕಿಗಳನ್ನೆಲ್ಲ ತೆರೆಸಿ ಪಾಠ ಮಾಡಿದ್ದು ನೆನಪಾಯಿತು. ಹೊಗೆಯಲ್ಲಿ ಕೆಟ್ಟ ವಾಸನೆ ಬರುವುದಕ್ಕೆ ಹೆದರಬೇಡಿ, ವಾಸನೆಯೇ ಇಲ್ಲದ ಅನಿಲವೊಂದು ಅದರಲ್ಲಿರುತ್ತದೆ, ಅದಕ್ಕೆ ಹೆದರಿ ಎಂದಿದ್ದರು. ಅದು ಮೊದಲು ತಲೆನೋವು ಕೊಡುತ್ತದೆ, ಆಮೇಲೆ ನಿದ್ದೆ.

ನಾನು ಬಾಗಿಲು ಎಳೆದೆ.

ಪಿಟೀಲು ಮಲಗಿದ ಹಾಗೇ ಇದ್ದಳು. ಕೆನ್ನೆ ಎಂದಿಗಿಂತ ಕೆಂಪಾಗಿ, ಮುದ್ದಾಗಿ ಕಾಣುತ್ತಿತ್ತು. ಭುಜ ಹಿಡಿದು ಅಲುಗಿಸಿದೆ. ತಲೆ ಬಟ್ಟೆಯ ಗೊಂಬೆಯದರಂತೆ ಪಕ್ಕಕ್ಕೆ ಹೊರಳಿತು.

"ಎತ್ತಪ್ಪಾ ಅವಳನ್ನ! ಹೊರಗೆ ತಾ!" ನನ್ನ ದನಿ ನನಗೇ ಗುರುತು ಸಿಗಲಿಲ್ಲ.

ಅಳಿಯ ಚುಕ್ಕಾಣಿ ಬಿಟ್ಟು ಓಡಿಬಂದು ಅವಳನ್ನು ಬಾಚಿ ಎತ್ತಿಕೊಂಡ. ದೋಣಿಯ ಮೂತಿಯ ಬಳಿ, ಗಾಳಿ ಬೀಸುವ ಕಡೆ ಮಲಗಿಸಿದೆವು. ದಲ್ಲಾಳಿ ಗಾಬರಿಯಲ್ಲಿ ಕೀಲಿಗೆ ಕೈ ಹಾಕಿದ. "ಬೇಗ ದಡಕ್ಕೆ ಹೋಗಿಬಿಡೋಣ ಸಾರ್..."

"ಹಚ್ಚಬೇಡಿ!" ಎಂದು ಕೂಗಿ, ಅವನ ಕೈ ಸರಿಸಿ ಕೀಲಿಯನ್ನು ನಾನೇ ಕಿತ್ತುಕೊಂಡು ಚೀಲದೊಳಗೆ ಹಾಕಿದೆ. "ಇದರ ಹೊಗೆ ಒಳಗೆ ಹೋಗ್ತಿದೆ. ಇನ್ನೊಂದು ದೋಣಿ ಕರೆಸಿ."

ಅವನು ಫೋನಿನಲ್ಲಿ ತನ್ನ ಮೆಕ್ಯಾನಿಕ್ಕನ್ನು ಕೂಗಿ ಕರೆದ. ಮಗಳು ಮಗುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಪಿಟೀಲೂ, ಏ ಪಿಟೀಲೂ, ಬಂತು ಕಣೇ, ಬಂತು ಏಳೇ" ಎಂದು ಒಂದೇ ಸಮ ಹೇಳುತ್ತಿದ್ದಳು. ಉಸಿರಿತ್ತು. ತೆಳುವಾಗಿ, ತಡೆತಡೆದು. ಅಳಿಯ ಬೊಗಸೆಯಲ್ಲಿ ನೀರು ತಂದು ಅವಳ ಮುಖಕ್ಕೆ ಸವರುತ್ತಿದ್ದ. ಗುಡುಗುತ್ತಾ ಕೆಮ್ಮುತ್ತಾ ಆ ಕೆಂಪು ಗೆರೆಯ ದೋಣಿ ನಮ್ಮತ್ತ ಬರುತ್ತಿರುವುದು ಕಾಣಿಸಿತು. ಅದು ಎಷ್ಟು ಹೊತ್ತಾದರೂ ಹತ್ತಿರ ಆಗುತ್ತಲೇ ಇಲ್ಲ ಎನಿಸಿತು.

ಹಗ್ಗ ಕಟ್ಟಿ ಎಳೆಯತೊಡಗಿದ ಮೇಲೆ ಮಗು ಒಮ್ಮೆ ಬಿಕ್ಕಿ, ವಾಂತಿ ಮಾಡಿ, ಅಳಲು ಶುರುಮಾಡಿದಳು. ಆ ಹಳೆಯ, ಶ್ರುತಿ ಸೇರದ ಅಳು. ಅಳಿಯ ಮುಖ ಮುಚ್ಚಿಕೊಂಡು ಕುಸಿದು ಕುಳಿತ.

"ತಲೆ ನೋಯ್ತಿದೆ ಅಜ್ಜಿ," ಎಂದಳು.

ಕಟ್ಟೆಯಲ್ಲಿ ಮೆಕ್ಯಾನಿಕ್ ಇಂಜಿನ್ನಿನ ಮುಚ್ಚಳ ಎತ್ತಿ ಒಳಗೆ ಕೈ ಇಳಿಸಿದ. ಹಿಂಬದಿಯಲ್ಲಿ, ಕಣ್ಣಿಗೆ ಕಾಣದ ಕಡೆ, ಹೊಗೆ ಹೋಗುವ ಕೊಳವೆ ಉದ್ದಕ್ಕೆ ಸೀಳಿತ್ತು. ನೆಲದ ಹಲಗೆಯ ಕೆಳಗಿನ ಪೊಳ್ಳಿನಲ್ಲಿ ಹೊಗೆ ಹರಿದು ನೇರ ಹಾಸಿಗೆಯ ಅಡಿಗೆ ಹೋಗುತ್ತಿತ್ತು. ಅವನ ಕೈ ಮೊಣಕೈವರೆಗೆ ಮಸಿಯಾಗಿತ್ತು. "ಇದು ಇವತ್ತಿಂದಲ್ಲ, ತುಂಬಾ ದಿನದ್ದು," ಎಂದ ಅವನು. ಹೇಳಿದವನೇ, ಹಿಂದೆ ಯಾರು ನಿಂತಿದ್ದಾರೆಂದು ನೋಡಿ ಬಾಯಿ ಮುಚ್ಚಿಕೊಂಡ.

ಯಜಮಾನರು ಅಲ್ಲೇ ನಿಂತಿದ್ದರು. ಮಸಿಯಾದ ಕೈಯನ್ನು ನೋಡಿದರು. ಹುಲ್ಲಿನ ಮೇಲೆ ತಾಯಿಯ ಮಡಿಲಲ್ಲಿ ಬಿಕ್ಕುತ್ತಿದ್ದ ಮಗುವನ್ನು ನೋಡಿದರು. ಆಮೇಲೆ ನನ್ನ ಹತ್ತಿರ ಬಂದರು.

"ಮಗು ಒಳಗೆ ಮಲಗಿತ್ತಾ?"

"ಹೂಂ."

"ಬಾಗಿಲು ಹಾಕಿತ್ತಾ?"

ದಲ್ಲಾಳಿ ನನ್ನನ್ನೇ ನೋಡಿದ. ನಾನು ಅವರ ಕಣ್ಣು ತಪ್ಪಿಸಿ, "ಇಲ್ಲ, ತೆರೆದೇ ಇತ್ತು" ಎಂದೆ. ಮಗುವಿನ ಬಾಯಿ ಒರೆಸಲು ಚೀಲದಿಂದ ಕರವಸ್ತ್ರ ಎಳೆದೆ. ಅದರ ಜೊತೆ ಬೆಣೆಯೂ ಬಂದು ಅವರ ಪಾದದ ಬಳಿ ಬಿತ್ತು.

ಅವರು ಬಗ್ಗಿ ಎತ್ತಿಕೊಂಡರು. ಅದಕ್ಕೆ ಹತ್ತಿದ ಮಣ್ಣನ್ನು ಹೆಬ್ಬೆರಳಿನಿಂದ ಸವರಿ ಸವರಿ ತೆಗೆದರು.

"ಮುಖಕ್ಕೆ ಬಿಸಿಲು ಬೀಳ್ತಿತ್ತು," ಎಂದೆ. ಇನ್ನು ಬಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. "ನಾನೇ ಹಾಕಿದೆ."

"ಹೌದು," ಎಂದರು ಅವರು. "ಅವತ್ತು ಗಾಳಿ ಇತ್ತು."

ಅವರ ಮುಖದಲ್ಲಿ ಅಳು ಇರಲಿಲ್ಲ. ಎಲ್ಲವನ್ನೂ ತೀರ್ಮಾನಿಸಿದವರ ಸಮಾಧಾನವೊಂದು ಬಂದು ಕೂತಿತ್ತು. ಅದನ್ನು ಕಂಡು, ಮಗುವನ್ನು ಅಲುಗಿಸಿದಾಗ ಆಗದಷ್ಟು ಭಯ ನನಗಾಯಿತು. ಅವರು ಮೆಕ್ಯಾನಿಕ್‌ನ ಕಡೆ ತಿರುಗಿ ಮೆತ್ತಗೆ, "ಮುಚ್ಚಳ ಹಾಕಪ್ಪಾ. ಇದನ್ನ ಇಲ್ಲಿ ಇಡೋದು ಬೇಡ, ಇನ್ಯಾರಾದ್ರೂ ಹತ್ತಿಬಿಡ್ತಾರೆ. ನಾನೇ ಆಚೆ ದಡಕ್ಕೆ ಬಿಟ್ಟು ಬರ್ತೀನಿ. ಕೀಲಿ ಕೊಡು" ಎಂದರು.

"ಸಾರ್, ಈ ಸ್ಥಿತೀಲಿ..." ಎಂದ ಮೆಕ್ಯಾನಿಕ್.

"ನನ್ನ ದೋಣಿ ತಾನೇ," ಎಂದು ಅವರು ನಕ್ಕರು. ಆಗ ಮಾಡಲಾಗದ ನಗು ಈಗ ಸಲೀಸಾಗಿ ಬಂತು.

"ಕೀಲಿ ಎಲ್ಲಿ ಹೋಯ್ತು?" ಎಂದು ದಲ್ಲಾಳಿ ಜೇಬು ತಡವಿಕೊಂಡ. ಕಿತ್ತುಕೊಂಡದ್ದು ನಾನು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ನನ್ನ ಮುಖ ನೋಡಿದ, ಚೀಲ ಎದೆಗವಚಿದ್ದ ನನ್ನ ಕೈಗಳನ್ನು ನೋಡಿದ. "ನೀರಿಗೇ ಬಿತ್ತೋ ಏನೋ ಸಾರ್," ಎಂದು ಇನ್ನೊಂದು ಜೇಬು ತಡವತೊಡಗಿದ. ಮೆಟ್ಟಿಲಿಗೆ ಟವೆಲ್ ಹಾಸಿದ ಕೈಗಳು ಅವು.

ನಾನು ಯಜಮಾನರ ತೋಳು ಹಿಡಿದುಕೊಂಡೆ. "ನೀವು ನಮ್ಮ ಜೊತೆ ಆಸ್ಪತ್ರೆಗೆ ಬನ್ನಿ. ದಾರಿ ನಮಗೆ ಗೊತ್ತಿಲ್ಲ. ಅಳಿಯನ ಕೈ ನಡುಗ್ತಿದೆ, ಮುಂದೆ ಕೂತು ದಾರಿ ಹೇಳೋರು ಒಬ್ಬರು ಬೇಕು." ದಾರಿ ನಮಗೆ ಗೊತ್ತಿತ್ತು. ಬರುವಾಗ ಅದರ ಮುಂದೆಯೇ ಬಂದಿದ್ದೆವು.

ಅವರು ದೋಣಿಯ ಕಡೆ ನೋಡಿದರು. "ನೀವು ಹೋಗಿ ಅಮ್ಮಾ. ತಡ ಮಾಡಬೇಡಿ."

"ನೀವು ಬರದೆ ನಾನು ಕಾರು ಹತ್ತಲ್ಲ," ಎಂದೆ.

ಮಗು ಮತ್ತೆ ವಾಂತಿ ಮಾಡಿದಳು. ಅವರು ನನ್ನನ್ನು ದಿಟ್ಟಿಸಿ, ಬಂದು ಮುಂದಿನ ಸೀಟಿನಲ್ಲಿ ಕುಳಿತರು. ಬೆಣೆಯನ್ನು ಮುಷ್ಟಿಯಲ್ಲೇ ಹಿಡಿದಿದ್ದರು.

ಅಳಿಯ ಕಾರು ಹಚ್ಚಿದ. ಆ ಸದ್ದಿಗೆ ಪಿಟೀಲಿನ ರೆಪ್ಪೆಗಳು ಎಂದಿನಂತೆ ಭಾರವಾದವು. ಮಗಳು ಅವಳ ಕೆನ್ನೆ ತಟ್ಟುತ್ತಾ, "ಮಲಗಬೇಡ ಚಿನ್ನಾ, ಇವತ್ತೊಂದಿನ ಮಲಗಬೇಡ" ಎಂದು ಗೋಗರೆದಳು. ಹುಟ್ಟಿದಾಗಿನಿಂದ ಯಾವ ಸದ್ದಿಗೆ ಅವಳನ್ನು ಮಲಗಿಸಿದ್ದೆವೋ, ಅದೇ ಸದ್ದು. ಅವಳ ಕತ್ತು ವಾಲಿತು. ಯಜಮಾನರು ತಮ್ಮ ಕಿಟಕಿ ಇಳಿಸಿದರು. ಹಿಂದಕ್ಕೆ ಕೈ ಚಾಚಿ ನನ್ನ ಕಡೆಯದನ್ನೂ ಇಳಿಸಲು ನೋಡಿದರು, ಕೈ ಎಟಕಲಿಲ್ಲ. ನಾನೇ ಇಳಿಸಿದೆ. ಗಾಳಿ ಭರ್ರನೆ ನುಗ್ಗಿ ನಮ್ಮೆಲ್ಲರ ಕೂದಲು ಕೆದರಿತು. ದಾರಿಯುದ್ದಕ್ಕೂ ಯಜಮಾನರು ಹಿಂದೆ ತಿರುಗಿಕೊಂಡು ಮಗುವಿನ ಎದೆ ಏರಿಳಿಯುವುದನ್ನೇ ನೋಡುತ್ತಿದ್ದರು.

ಆಸ್ಪತ್ರೆಯ ಬಾಗಿಲಲ್ಲಿ ಕಾರು ನಿಂತಿತು. ಅಳಿಯ ಇಂಜಿನ್ ಆರಿಸಿದ. ಆದರೆ ಬಾಗಿಲು ತೆಗೆಯಲಿಲ್ಲ. ಕೈ ಕೀಲಿಯ ಮೇಲೇ ಇತ್ತು. ಮಗಳು ಮಗುವಿನ ತುಟಿಯನ್ನೇ ನೋಡುತ್ತಿದ್ದಳು.

"ಬಂತಾ?"

ಸೊರಗಿದ ದನಿ, ಆದರೂ ಅದೇ ದನಿ. "ಬಂತು, ಬಂತು ನನ್ನಪ್ಪಾ," ಎಂದು ಮಗಳು ಅಳುತ್ತಾ ಅವಳನ್ನೆತ್ತಿಕೊಂಡು ಒಳಗೆ ಓಡಿದಳು. ಅಳಿಯ ಹಿಂದೆಯೇ ಓಡಿದ. ಗಾಜಿನ ಬಾಗಿಲ ಆಚೆ ಒಬ್ಬಳು ನರ್ಸ್ ಮಗುವಿನ ಮೂಗಿಗೆ ಆಮ್ಲಜನಕದ ಮಾಸ್ಕ್ ಹಿಡಿಯುವುದು ಕಂಡಿತು. ಇನ್ನೊಬ್ಬಳು ಅವಳ ಒದ್ದೆ ಕಾಲುಚೀಲ ಬಿಚ್ಚಿ, ಪಾದವನ್ನು ತನ್ನ ಅಂಗೈಯಲ್ಲಿ ಬೆಚ್ಚಗೆ ಹಿಡಿದುಕೊಂಡಳು.

ಯಜಮಾನರು ಇಳಿಯಲಿಲ್ಲ. ಮುಂದಿನ ಸೀಟಿನಲ್ಲಿ ನೆಟ್ಟಗೆ ಕುಳಿತೇ ಇದ್ದರು. ಆರಿದ ಇಂಜಿನ್ನಿನ ಕಡೆ ಕಿವಿಗೊಟ್ಟು, ಇನ್ನೊಂದು ದನಿಗೆ ಕಾಯುತ್ತಿರುವವರ ಹಾಗೆ.

ನಾನೂ ಅವರ ಹಿಂದಿನ ಸೀಟಿನಲ್ಲೇ ಉಳಿದೆ.

"ಕೀಲಿ ನಿಮ್ಮ ಚೀಲದಲ್ಲಿದೆ ಅಲ್ವಾ?" ಎಂದರು, ತಿರುಗದೆಯೇ.

ನಾನು ಚೀಲದ ಬಾಯಿಯನ್ನು ಬಿಗಿಯಾಗಿ ಹಿಡಿದೆ.

"ಸಂಜೆಗೆ ನಾನು ಕೇಳ್ತೀನಿ," ಎಂದರು. "ಚೆನ್ನಾಗಿ ಮಾತಾಡಿ ಕೇಳ್ತೀನಿ. ನಂಬೋ ಹಾಗೆ ಕೇಳ್ತೀನಿ." ಬೆಣೆಯನ್ನು ಬೆರಳುಗಳ ನಡುವೆ ಒಂದು ಸುತ್ತು ತಿರುಗಿಸಿದರು. "ಕೊಡಬೇಡಿ."